ಇಲ್ಲದ ಜನರ ನಡುವೆ ನಡೆದವರು

ಚನ್ನಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಬಸ್ ಕಂಡಕ್ಟರೊಬ್ಬರಿದ್ದರು. ಮದುವೆಮನೆಯ ಊಟದ ಪಂಕ್ತಿಯಲ್ಲೂ ಭುಜ ಓರೆ ಮಾಡಿ, "ಒಸಿ ಜರುಗಿ, ಒಸಿ ಜರುಗಿ" ಎನ್ನುತ್ತಲೇ ಸಾಗುತ್ತಿದ್ದರು. ದಿನಾ ಬೆಳಿಗ್ಗೆ ಕೆಂಗಲ್ ದೇವಸ್ಥಾನಕ್ಕೆ ಒಬ್ಬರೇ ಹೋಗುವುದು ಅವರ ರೂಢಿ. ಒಮ್ಮೆ ಅಲ್ಲಿ ಮುಗ್ಗರಿಸಿದ ಮೇಲೆ ಮಗಳು ಅದನ್ನು ನಿಲ್ಲಿಸಿದಳು. ಡಾಕ್ಟರು ನಡಿಗೆ ಪರೀಕ್ಷಿಸಲಿ, ಆಮೇಲೆ ನೋಡೋಣ ಎಂದಳು.

ಇಬ್ಬರನ್ನೂ ರಾಮನಗರದ ಆಸ್ಪತ್ರೆಗೆ ನಾನೇ ಕಾರಿನಲ್ಲಿ ಕರೆದೊಯ್ದೆ. ಡಾಕ್ಟರು ಕಂಡಕ್ಟರಿಗೆ ಕಂಪ್ಯೂಟರ್ ಚಿತ್ರ ತೋರಿಸುವ ದಪ್ಪ ಕನ್ನಡಕವೊಂದನ್ನು ತೊಡಿಸಿದರು. ಅದರಲ್ಲಿ ನಾವು ನಿಂತಿದ್ದ ಕೋಣೆಯೇ ಕಾಣುತ್ತದೆ. ಜೊತೆಗೆ, ಅಲ್ಲಿಲ್ಲದ ಜನರೂ ಎದುರಿಗೆ ಬರುತ್ತಾರೆ. ನಮ್ಮವರು ಭುಜ ಓರೆ ಮಾಡಿದರು. "ಒಸಿ ಜರುಗಿ. ಅಮ್ಮಾ, ದಾರೀಲಿ ನಿಂತ್ಕಬೇಡಿ" ಎನ್ನುತ್ತ, ಯಾರಿಗೂ ತಾಗದೆ, ಒಂದಿಷ್ಟೂ ತಡವರಿಸದೆ ಕೋಣೆಯ ಆ ತುದಿ ಮುಟ್ಟಿದರು.

ಆಮೇಲೆ ಡಾಕ್ಟರು ಕನ್ನಡಕದೊಳಗಿನ ಜನರನ್ನೆಲ್ಲ ಅಳಿಸಿ, ಖಾಲಿ ಕೋಣೆಯಲ್ಲಿ ನಡೆಯಲು ಹೇಳಿದರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವರು ಗೋಡೆ ಹಿಡಿದರು.

"ಯಾಕಪ್ಪ, ಏನಾಯ್ತು?" ಎಂದಳು ಮಗಳು.

"ಖಾಲಿ ಬಸ್ಸಲ್ಲಿ ನಾನು ಯಾವತ್ತವ್ವ ನಡೆದಿದ್ದು?"

ಡಾಕ್ಟರು ನಕ್ಕು, ತೀರ್ಮಾನವನ್ನು ಮಗಳಿಗೇ ಬಿಟ್ಟರು. ಅವಳು ನಗಲಿಲ್ಲ. ಶನಿವಾರ ಮಾತ್ರ ಕೆಂಗಲ್‌ಗೆ ಒಬ್ಬರೇ ಹೋಗಬಹುದು ಎಂದಳು. ಅಂದು ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.