ಪೇಂಟರ್ ಹಾಕಿದ ಕಣ್ಣೀರು

ಬಳಗಾನೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನ ಮೊದಲ ಮೆಟ್ಟಿಲು ನನ್ನ ಸೊಂಟದೆತ್ತರ. ಅದನ್ನು ಮಾಡಿದ ಪುಣ್ಯಾತ್ಮನಿಗೆ ಎಷ್ಟು ಉದ್ದದ ಕಾಲುಗಳಿದ್ದವೋ! ಪೋಲಿಯೋದಿಂದ ನನ್ನ ಎಡಗಾಲು ಸಣಕಲಾಗಿತ್ತು. ಏಳನೇ ಕ್ಲಾಸಿಗೆ ಬಂದರೂ ಅವ್ವ ನನ್ನನ್ನು ನೆಲ್ಲಿನ ಚೀಲದ ಹಾಗೆ ಎತ್ತಿ ಒಳಗೆ ಕೂರಿಸುತ್ತಿದ್ದಳು. ಮಂದಿ ನೋಡುತ್ತಿದ್ದರು. ನಾನು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಗೋಡೆಗೆ ಚಿತ್ರ ಬರೆಯುತ್ತಿದ್ದ ಪೇಂಟರ್ ಒಬ್ಬ ಅವ್ವನನ್ನು ಕರೆದ.

"ಯಮ್ಮಾ, ನಿಮ್ಮ ಹುಡುಗೀನ ಸ್ವಲ್ಪ ಇಲ್ಲೇ ಕುಂದ್ರಸ್ರಿ. ನೋಡ್ಕೊಂಡು ಚಿತ್ರ ಬರೀತೀನಿ."

ನನ್ನ ಚಿತ್ರ! ಅಲ್ಲಿಯವರೆಗೆ ನನ್ನದೊಂದು ಫೋಟೊ ಕೂಡ ಇರಲಿಲ್ಲ. ಅಕ್ಕನ ಮದುವೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದಾಗ ನಾನು ಅಡುಗೆಮನೆಯಲ್ಲಿ ಕೂತಿದ್ದೆ. ಯಾರೂ ಕರೆಯಲಿಲ್ಲ. ಅವ್ವ ಆ ಗೋಡೆಯ ಮುಂದೆಯೇ ನನ್ನ ಜಡೆ ಬಿಚ್ಚಿ ಹೊಸದಾಗಿ ಹೆಣೆದು, ತನ್ನ ಮುಡಿಯ ಹೂವು ತೆಗೆದು ನನಗೆ ಮುಡಿಸಿದಳು.

ಮುಂದಿನ ಸಲ ಹೋದಾಗ ಚಿತ್ರ ಮುಗಿದಿತ್ತು. ಮುಖ ನನ್ನದೇ, ಜಡೆಯೂ ನನ್ನದೇ. ಸಣ್ಣ ಕಾಲನ್ನು ಮಾತ್ರ ಇನ್ನೂ ಸಣ್ಣದು ಮಾಡಿದ್ದ. ಎರಡು ಕಣ್ಣಿನಿಂದಲೂ ನೀರು ಇಳಿಸಿದ್ದ. ಕೆಳಗೆ ಕೆಂಪು ಅಕ್ಷರ: 'ಲಸಿಕೆ ಮರೆತರೆ ನಿಮ್ಮ ಮಗುವಿಗೂ ಇದೇ ಗತಿ.'

ನಾನು ಅತ್ತಿರಲಿಲ್ಲ ರೀ! ಅವತ್ತು ನನಗೆ ಆಗಿದ್ದ ಖುಷಿ ಅಷ್ಟಿಷ್ಟಲ್ಲ. ಅವನ ಕೈ ಸೇದಿ ಸಣಕಲಾಗಲಿ ಎಂದು ಮನಸ್ಸಿನಲ್ಲೇ ಬೈದೆ. ನನ್ನ ಕಾಲು ಕಣ್ಣಿಗೆ ಬಿದ್ದಾಗ ಆ ಬೈಗುಳ ವಾಪಸ್ ತೆಗೆದುಕೊಂಡೆ.

ಅವ್ವನಿಗೆ ಓದು ಬರುತ್ತಿರಲಿಲ್ಲ.

"ಅವತ್ತು ಬಿಸಲಿಗೆ ಕಣ್ಣಾಗ ನೀರು ಬಂದಿದ್ವು ನೋಡು, ಅದನ್ನೂ ಬಿಟ್ಟಿಲ್ಲ ಅಂವ! ಕೆಳಗ ಏನ್ ಬರದಾನ, ಓದವ್ವಾ."

ಲಸಿಕೆ ಮರೆತವಳು ಯಾರು ಎಂದು ಅವ್ವ ತನ್ನನ್ನು ತಾನೇ ಕೇಳಿಕೊಂಡರೆ? ಬಾಯಿಗೆ ಬಂದದ್ದು ಹೇಳಿದೆ: "'ಈ ಹುಡುಗಿ ಭಾಳ ಶಾಣ್ಯಾಕಿ' ಅಂತ ಬರದಾನಬೇ."

"ಅಯ್ಯ, ಅದಕ್ಕ ಇಷ್ಟು ಬಣ್ಣ ಯಾಕ ಹಾಳು ಮಾಡ್ಯಾನ? ನನ್ನ ಕೇಳಿದ್ರ ನಾನ ಹೇಳ್ತಿದ್ದೆ!"

ಅಷ್ಟಕ್ಕೇ ಬಿಡಲಿಲ್ಲ. ಬಸ್ಸಿಗೆ ಕಾಯುತ್ತಿದ್ದ, ಕೈಯಲ್ಲಿ ಪೇಪರ್ ಹಿಡಿದಿದ್ದ ಒಬ್ಬರನ್ನು ಕೇಳಿಯೇಬಿಟ್ಟಳು. "ಯಣ್ಣಾ, ಈಕಿ ಶಾಣ್ಯಾಕಿ ಅಂತ ಬರದಾರಂತ. ಖರೇ ಏನ್ರಿ?"

ಅವರು ಗೋಡೆ ಓದಿದರು. ನನ್ನ ಕಡೆ ತಿರುಗಿದರು.

"ಖರೇ ಐತ್ರಿ, ಯಮ್ಮಾ. ನಿಮ್ಮ ಮಗಳು ಬರೋಬರಿ ಓದ್ಯಾಳ."

ಅಷ್ಟರಲ್ಲಿ ಲಿಂಗಸುಗೂರು ಬಸ್ಸು ಬಂತು, ಅವರು ಹತ್ತಿದರು. ನನ್ನ ಸಂಕಟ ಗೊತ್ತಿದ್ದ ಒಬ್ಬರೇ ಒಬ್ಬರು ಹೊರಟುಹೋದರು. ಹಿಂದೆ ಓಡಿ, ಅವರ ಕೈ ಹಿಡಿದು ಜೋರಾಗಿ ಅಳಬೇಕು ಅನಿಸಿತು. ನಾನು ಓಡುವ ಮಾತೆಲ್ಲಿ ಬಂತು? ಅವ್ವ ಗೋಡೆ ನೋಡಿಕೊಂಡು ನಗುತ್ತಿದ್ದಳು. ನಾನೂ ನಕ್ಕೆ.