ಮೆಟ್ಟಿಲಿಗೆ ನೀರು ಹಾಕಿದ ವಿಷಯವಾಗಿ

ಓದುಗರಲ್ಲಿ ಮೊದಲಿಗೇ ಒಂದು ಸಂಗತಿಯನ್ನು ನಿವೇದಿಸಿಕೊಳ್ಳುತ್ತೇನೆ. ನಾನು ಈವರೆಗೆ ಬರೆದಿರುವುದೆಲ್ಲ ಕಚೇರಿಯ ಟಿಪ್ಪಣಿ, ಜ್ಞಾಪನ ಮತ್ತು ಪತ್ರಗಳ ಕರಡು ಮಾತ್ರ. ಮದುವೆಗೆ ಮುಂಚೆ ಬಾಗಲಕೋಟೆಯ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ನಾಲ್ಕು ವರ್ಷ ಕೆಲಸ ಮಾಡಿದ್ದೆ. ಸ್ವಂತ ನೆನಪನ್ನು ಬರೆಯುವ ಕ್ರಮ ಯಾವುದೆಂದು ನನಗೆ ತಿಳಿಯದು. ಆದ್ದರಿಂದ ತಿಳಿದಿರುವ ಕ್ರಮದಲ್ಲಿಯೇ, ನಡೆದದ್ದನ್ನು ನಡೆದ ಹಾಗೆ ಸಲ್ಲಿಸುತ್ತಿದ್ದೇನೆ. ತಪ್ಪಿದ್ದಲ್ಲಿ ಮನ್ನಿಸಬೇಕು.

ಜರ್ಮನ್ ಸರ್ಕಾರವು ಕಂಪ್ಯೂಟರ್ ಬಲ್ಲವರಿಗೆ ಗ್ರೀನ್ ಕಾರ್ಡ್ ಕೊಡಲು ಆರಂಭಿಸಿದ್ದ ವರ್ಷಗಳವು. ನಮ್ಮ ಯಜಮಾನರು ಸ್ಟುಟ್‌ಗಾರ್ಟ್ ನಗರದ ಒಂದು ಕಂಪನಿಗೆ ಸದರಿ ಕಾರ್ಡಿನ ಮೇಲೆ ಬಂದು, ಕಂಪನಿಯೇ ಕೊಟ್ಟಿದ್ದ ಒಂದು ಕೋಣೆಯಲ್ಲಿ ಇದ್ದರು. ಆ ಕೋಣೆಯಲ್ಲಿ ಕುಟುಂಬ ಇರಿಸಿಕೊಳ್ಳಲು ಅನುಮತಿ ಇರಲಿಲ್ಲ. ಹೀಗಾಗಿ ಮದುವೆಯಾದ ಮೇಲೆ ಏಳು ತಿಂಗಳು ನಾನು ತವರಿನಲ್ಲಿಯೇ ಉಳಿಯಬೇಕಾಯಿತು. ಅವರು ಅನೇಕ ಮನೆಗಳನ್ನು ನೋಡಿದರು, ಅನೇಕ ಮನೆಯವರು ಅವರನ್ನು ನೋಡಿದರು, ಯಾವುದೂ ಕೂಡಿಬರಲಿಲ್ಲ. ಕೊನೆಗೆ ಗುಡ್ಡದ ಮೇಲಿನ ಒಂದು ಹಳೆಯ ಮನೆಯ ಮೊದಲ ಮಹಡಿ ದೊರೆಯಿತು. ಮನೆಯ ಒಡತಿ ಎಂಬತ್ತರ ಆಸುಪಾಸಿನ ಅಜ್ಜಿ. ಅವರು ಕೆಳಗಿನ ಅಂತಸ್ತಿನಲ್ಲಿ ಒಬ್ಬರೇ ಇರುತ್ತಿದ್ದರು. ಪರದೇಶದವರಿಗೆ ಅವರು ಹಿಂದೆಂದೂ ಮನೆ ಕೊಟ್ಟಿರಲಿಲ್ಲ. ಆದ ಕಾರಣ ಡಿಸೆಂಬರ್ ಕೊನೆಯವರೆಗೆ ಮಾತ್ರ ಕರಾರು; ಮನೆಯ ನಿಯಮಗಳನ್ನು ಹೇಗೆ ಪಾಲಿಸುತ್ತೇವೆಂಬುದನ್ನು ನೋಡಿ ಮುಂದಿನದನ್ನು ತಿಳಿಸಲಾಗುವುದು ಎಂದು ಷರತ್ತು ಹಾಕಿದ್ದರು.

ಷರತ್ತಿನ ಅರ್ಥ ನಮಗೆ ಸ್ಪಷ್ಟವಿತ್ತು. ಅಜ್ಜಿ ಬೇಡವೆಂದರೆ ಯಜಮಾನರು ಮರಳಿ ಆ ಕೋಣೆಗೆ, ನಾನು ಮರಳಿ ಬಾಗಲಕೋಟೆಗೆ.

ನಾನು ಅಕ್ಟೋಬರಿನಲ್ಲಿ ಬಂದೆ. ಮನೆಯ ಬಗ್ಗೆ ಹೇಳುವುದಾದರೆ, ಎರಡು ಕೋಣೆ, ಇಳಿಜಾರಿನ ಕಡೆಗೆ ತೆರೆಯುವ ಕಿಟಕಿಯಿದ್ದ ಅಡುಗೆಮನೆ. ಕಿಟಕಿಯಿಂದ ನೋಡಿದರೆ ಕೆಳಗೆ ಇಡೀ ಊರು ಒಂದು ಬೋಗುಣಿಯೊಳಗೆ ಕೂತ ಹಾಗೆ ಕಾಣುತ್ತಿತ್ತು. ಅಡುಗೆಮನೆಯಲ್ಲಿ ನಾನು ಮೊದಲು ಇಟ್ಟದ್ದು ಮಸಾಲಿ ಡಬ್ಬಿ, ಎರಡನೆಯದು ರಂಗೋಲಿ ಡಬ್ಬಿ. ಆ ಮನೆ ನನ್ನದಾಯಿತೆಂದು ಅಂದೇ ಅನಿಸಿಬಿಟ್ಟಿತ್ತು. ಕರಾರಿನ ವಿಷಯ ನೆನಪಾಗಿ, ಅರ್ಧ ಸೀರೆಗಳನ್ನು ಮಾತ್ರ ಹೊರಗೆ ತೆಗೆಯದೆ ಸೂಟ್‌ಕೇಸಿನಲ್ಲಿಯೇ ಬಿಟ್ಟು ಅಟ್ಟಕ್ಕೆ ಏರಿಸಿದೆ.

ಅಜ್ಜಿ ಮಾತನಾಡುತ್ತಿದ್ದುದು ಕಡಿಮೆ. ಹೇಳಬೇಕಾದುದನ್ನು ಚೀಟಿಯ ಮೇಲೆ ದುಂಡಗೆ ಬರೆದು, ಕೆಳಗೆ ಗೆರೆ ಎಳೆದು, ಸಹಿ ಹಾಕಿ ನಮ್ಮ ಬಾಗಿಲಿಗೆ ಅಂಟಿಸುತ್ತಿದ್ದರು. ನಮ್ಮವರಿಗೆ ಆ ಚೀಟಿಗಳೆಂದರೆ ಹೆದರಿಕೆ. ನನಗೋ ಅವುಗಳ ಶಿಸ್ತನ್ನು ಕಂಡು ಒಳಗೊಳಗೇ ಗೌರವ. ಚೀಟಿಗಳ ಹೊರತಾಗಿ ಒಂದು ಮರದ ಹಲಗೆ ಇತ್ತು. ಆ ಸೀಮೆಯಲ್ಲಿ ಕೆರ್‌ವೋಖೆ ಎಂಬ ಪದ್ಧತಿ ಇದೆ. ಹಲಗೆ ಯಾರ ಬಾಗಿಲಿಗೆ ತೂಗುತ್ತದೆಯೋ ಆ ವಾರ ಮೆಟ್ಟಿಲು, ಹೊಸ್ತಿಲು, ಮನೆಯ ಮುಂದಿನ ಕಾಲುದಾರಿ ಗುಡಿಸುವ ಪಾಳಿ ಅವರದು. ಚಳಿಗಾಲದಲ್ಲಿ ಬೆಳಗಿನ ಏಳು ಗಂಟೆಯೊಳಗೆ ಹಿಮವನ್ನೂ ತೆಗೆದು, ಯಾರೂ ಜಾರದಂತೆ ಜಲ್ಲಿಪುಡಿ ಎರಚಬೇಕು. ಉಪ್ಪು ಎರಚಕೂಡದೆಂದು ನಿಯಮದಲ್ಲಿಯೇ ಬರೆದಿತ್ತು. ಮೇಲಿನ ಮಹಡಿಯ ಶಾಲಾ ಶಿಕ್ಷಕರು, ಕೆಳಗಿನ ಅಜ್ಜಿ, ನಡುವೆ ನಾವು: ಮೂರು ವಾರಕ್ಕೊಮ್ಮೆ ಹಲಗೆ ನಮ್ಮಲ್ಲಿಗೆ ಬರುತ್ತಿತ್ತು.

ಡಿಸೆಂಬರ್ ಮಧ್ಯದಲ್ಲಿ ಹಿಮ ಬೀಳತೊಡಗಿತು. ನಮ್ಮೂರಲ್ಲಿ ಹಂಗಾಮಿನಲ್ಲಿ ಹತ್ತಿ ಗಿರಣಿಯ ಮುಂದೆ ಹಾಯ್ದರೆ ಗಾಳಿಯಲ್ಲಿ ಎಳೆಗಳು ತೇಲಾಡಿ ಕೂದಲಿಗೆ ಅಂಟಿಕೊಳ್ಳುತ್ತವೆ. ನನಗೆ ಮೊದಲು ನೆನಪಾದದ್ದು ಅದೇ. ನಾನು ಸೀರೆಯ ಮೇಲೆ ನಮ್ಮವರ ಕೋಟು ತೊಟ್ಟು, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಹೊರಗೆ ಓಡಿದೆ. ಅವರು ಫೋಟೋ ತೆಗೆದರು. ಒಂದು ಉಂಡೆ ಮಾಡಿ ಅವರತ್ತ ಎಸೆದೆ. ಗುರಿ ತಪ್ಪಿ ಅಜ್ಜಿಯ ಕಿಟಕಿಗೆ ಬಡಿಯಿತು. ಮರುದಿನ ಚೀಟಿ ಬಂತು. ಅದರಲ್ಲಿ ಉಂಡೆಯ ಪ್ರಸ್ತಾಪವೇ ಇರಲಿಲ್ಲ. ಒಳಗೆ ಬರುವ ಮುನ್ನ ಬೂಟಿನ ಹಿಮ ಕೊಡವಬೇಕೆಂದಷ್ಟೇ ಇತ್ತು. ಆ ವಾರವೆಲ್ಲ ಕಿಟಕಿಗಳಲ್ಲಿ ದೀಪ, ಜಗಲಿಗಳಲ್ಲಿ ದೇವದಾರು ಕೊಂಬೆ, ಸಂಜೆಯಾದರೆ ಕೆಳಗಿನ ಊರಿನಿಂದ ಗಂಟೆಗಳ ಸದ್ದು. ಬಾಗಿಲ ಹೊರಗೆ ಅಜ್ಜಿ ಒಂದು ಡಬ್ಬಿ ಬ್ರೆಡ್ಲೆ ಎಂಬ ಹಬ್ಬದ ಬಿಸ್ಕತ್ತು ಇಟ್ಟಿದ್ದರು.

“ಇದರಾಗ ತತ್ತಿ ಇರತದ. ನಿನಗ ನಡ್ಯಂಗಿಲ್ಲ,” ಎಂದು ನಮ್ಮವರು ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ನಿಮಗ ಹ್ಯಾಂಗ ನಡೀತದ್ರೀ?”

“ನಾ ಬರೇ ನೋಡ್ಲಿಕ್ಹತ್ತೀನಿ.”

ಮೂರು ದಿನಗಳಲ್ಲಿ ನೋಡಿ ಮುಗಿಸಿದರು.

ಶನಿವಾರ ಹಲಗೆ ನಮ್ಮ ಬಾಗಿಲಿಗೆ ಬಂತು. ಶಿಕ್ಷಕರು ರಜೆಗೆಂದು ಊರಿಗೆ ಹೋಗಿದ್ದರು. ಕ್ರಿಸ್ಮಸ್ ಹಿಂದಿನ ದಿನ ನಾನು ಆರಕ್ಕೇ ಎದ್ದೆ. ಅದು ಧನುರ್ಮಾಸ. ತವರಿನಲ್ಲಿ ಈ ತಿಂಗಳು ನಸುಕಿನಲ್ಲಿ ಅಂಗಳ ಗುಡಿಸಿ, ಥಳಿ ಹೊಡೆದು, ಎಂದರೆ ನೀರು ಚೆಲ್ಲಿ ನೆಲ ತಣಿಸಿ, ದೊಡ್ಡ ರಂಗೋಲಿ ಹಾಕಿ ಹುಗ್ಗಿಗೆ ಇಡುವುದು ರೂಢಿ. ನಮ್ಮವರಿಗೆ ರಜೆ ಇತ್ತು. “ಮಲಗು, ನಾ ಆಮ್ಯಾಲೆ ಹೊಡೀತೀನಿ ಕಸ,” ಎಂದು ಹೊದಿಕೆಯೊಳಗಿಂದ ಹೇಳಿದರು. ಹಬ್ಬದ ದಿನ ಒಡತಿಯ ಕಣ್ಣಿಗೆ ಕೊರತೆ ಕಾಣಬಾರದೆಂಬ ಒಂದೇ ಯೋಚನೆಯಿಂದ ನಾನೇ ಇಳಿದೆ.

ಮುಂಬಾಗಿಲ ಹೊರಗೆ ಒಂದು ಕಟ್ಟೆ, ಅದರ ಕೆಳಗೆ ಐದು ಕಲ್ಲು ಮೆಟ್ಟಿಲು. ಹಿಮವನ್ನು ಸಲಿಕೆಯಿಂದ ತೆಗೆದೆ. ಕಸಬರಿಗೆಯಿಂದ ಗುಡಿಸಿದೆ. ಕಲ್ಲು ಶುದ್ಧವಾಯಿತು, ಆದರೆ ಒಣಗಿದ ಹಾಗೆಯೇ ಬಿಟ್ಟು ಒಳಗೆ ಹೋಗಲು ಕೈ ಒಪ್ಪಲಿಲ್ಲ. ಗುಡಿಸಿದ ಮೇಲೆ ನೀರು ಹಾಕದಿದ್ದರೆ ಅರ್ಧ ಕೆಲಸವೆಂದೇ ನಾನು ಬೆಳೆದದ್ದು. ತಣ್ಣೀರು ಬೇಡ, ಉಳಿದ ಹಿಮವೂ ಕರಗಲಿ ಎಂದು ಬುದ್ಧಿವಂತಿಕೆಯಿಂದ ಎರಡು ಬಕೆಟ್ ಬಿಸಿನೀರು ತಂದು ಮೇಲಿನಿಂದ ಸುರಿದೆ. ಕಲ್ಲಿನಿಂದ ಹಬೆ ಎದ್ದಿತು. ಕಟ್ಟೆಯ ಮೇಲೆ ಎಂಟೆಸಳಿನ ತಾವರೆ ಬಿಡಿಸಿ, ನಡುವೆ ಕುಂಕುಮವಿಟ್ಟು, ತೃಪ್ತಿಯಿಂದ ಮೇಲೆ ಹೋಗಿ ಹುಗ್ಗಿಗೆ ಅಕ್ಕಿ ಬೇಳೆ ಹುರಿಯತೊಡಗಿದೆ.

ಎಂಟೂವರೆಗೆ ಅವರು ಹಾಲು ತರಲು ಹೊರಟರು. ಅಂದು ಅಂಗಡಿಗಳು ಮಧ್ಯಾಹ್ನಕ್ಕೇ ಮುಚ್ಚುತ್ತವೆ. ಒಂದು ನಿಮಿಷದೊಳಗೆ ಕೆಳಗೆ ಧಡ್ ಎಂಬ ಸದ್ದಾಯಿತು. ಓಡಿ ಇಳಿದೆ.

“ಏ, ಮುಂದ ಬರಬ್ಯಾಡ! ಅಲ್ಲೇ ನಿಲ್ಲು!”

ಅವರು ಕೊನೆಯ ಮೆಟ್ಟಿಲ ಕೆಳಗೆ ಕಾಲು ಚಾಚಿ ಕೂತಿದ್ದರು.

“ಏನಾತ್ರೀ?”

“ಏನ ಹಚ್ಚೀದಿ ಮೆಟ್ಟಲಕ್ಕ? ಗಾಜು ಹಾಸಿಧಂಗ ಆಗೇದ!”

“ಏನೂ ಹಚ್ಚಿಲ್ರೀ. ಕಸಾ ಹೊಡದೆ, ಥಳಿ ಹೊಡದೆ, ರಂಗೋಲಿ ಹಾಕಿದೆ. ಅಷ್ಟ.”

“ಥಳಿ? ನೀರಿಲೆ?”

“ಮತ್ತ ಯಾತರಲೆ ಹೊಡೀತಾರ್ರೀ? ಅದೂ ಬಿಸಿನೀರು. ಎರಡು ಬಕೀಟು.”

ಅವರು ಕೂತಲ್ಲಿಂದಲೇ ಆಕಾಶ ನೋಡಿದರು. “ಮೈನಸ್ ಆರು ಡಿಗ್ರಿಯೊಳಗ ಎರಡು ಬಕೀಟು! ಲಗ್ನದ ಮಾತುಕತಿಯೊಳಗ ನಿಮ್ಮಪ್ಪ ಇದನ್ನ ಹೇಳಬೇಕಿತ್ತು.”

“ಲಗ್ನ ಆದ ವಾರ ನಿಮ್ಮನ್ಯಾಗ ನಿಮ್ಮವ್ವನೂ ಇದನ್ನ ಮಾಡಸ್ಯಾರ. ಅವರನ್ನ ಕೇಳ್ರಿ.”

ಆಗ ಅಜ್ಜಿಯ ಕಿಟಕಿಯ ಪರದೆ ಅಲುಗಿತು. ನಮ್ಮ ಇಬ್ಬರ ನಗೆಯೂ ನಿಂತಿತು.

ಜಲ್ಲಿಪುಡಿಯ ಡಬ್ಬ ನೋಡಿದೆ, ಖಾಲಿ. ಹಿಂದಿನ ದಿನವೇ ನಾನು ಮುಗಿಸಿ, ಮುಗಿಯಿತೆಂದು ಯಾರಿಗೂ ತಿಳಿಸಿರಲಿಲ್ಲ. ಉಪ್ಪಿಗೆ ನಿಷೇಧ. ನಮ್ಮವರು ಸಲಿಕೆಯಿಂದ ಕೆರೆದರು. ಕಲ್ಲಿನ ಅಂಚು ಕಿತ್ತು ಬರುವಂತಾಗಿ ನಿಲ್ಲಿಸಿದರು. ಹತ್ತು ಗಂಟೆಗೆ ಅಜ್ಜಿ ಹೊರಗೆ ಬರುವವರಿದ್ದರು. ಪ್ರತಿ ವರ್ಷ ಈ ದಿನ ಅವರು ತಮ್ಮ ಪತಿಯ ಸಮಾಧಿಗೆ ದೀಪವಿಡಲು ಹೋಗುತ್ತಾರೆಂದು ಮೊದಲೇ ಹೇಳಿದ್ದರು. ಎಂಬತ್ತರ ಮೂಳೆ, ಐದು ಗಾಜಿನ ಮೆಟ್ಟಿಲು. ಮನೆ ಹೋಗುವ ಚಿಂತೆಗಿಂತ ಆ ಕ್ಷಣ ಅದೇ ದೊಡ್ಡದಾಗಿ ಕಂಡಿತೆಂದು ಹೇಳಿದರೆ ಪೂರ್ತಿ ನಿಜವಾಗದು; ಎರಡೂ ಕೂಡಿಯೇ ಕಾಡಿದವು.

ಹತ್ತಕ್ಕೆ ಸರಿಯಾಗಿ ಬಾಗಿಲು ತೆರೆಯಿತು. ಕಪ್ಪು ಕೋಟು, ಟೋಪಿ, ಒಂದು ಕೈಯಲ್ಲಿ ಕೊಂಬೆಗಳ ಹಾರ, ಇನ್ನೊಂದರಲ್ಲಿ ಕೆಂಪು ಗಾಜಿನ ದೀಪ. ಅವರು ಮೆಟ್ಟಿಲು ನೋಡಿದರು, ರಂಗೋಲಿ ನೋಡಿದರು, ನನ್ನನ್ನು ನೋಡಿದರು. ಕ್ಷಮೆ ಕೇಳುವ ಜರ್ಮನ್ ಪದವನ್ನು ನಮ್ಮವರು ಎಲ್ಲಕ್ಕಿಂತ ಮೊದಲು ಕಲಿಸಿದ್ದರು. ಅದನ್ನು ನಾನು ಮೂರು ಸಲ ಹೇಳಿದೆ. ಅಜ್ಜಿ ಮರಳಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು.

ಅಟ್ಟದ ಮೇಲಿದ್ದ ನನ್ನ ಸೂಟ್‌ಕೇಸು ಕಣ್ಣ ಮುಂದೆ ಬಂತು.

ಬಾಗಿಲು ಮತ್ತೆ ತೆರೆಯಿತು. ಈ ಸಲ ಅವರ ಕೈಯಲ್ಲಿ ತಗಡಿನ ಬಕೆಟ್. ಅದರ ತುಂಬ ಅವರ ಸೌದೆ ಒಲೆಯ ಬೂದಿ. ಹೊಸ್ತಿಲೊಳಗೇ ನಿಂತು ಬಕೆಟನ್ನು ನನ್ನ ಕೈಗೆ ಕೊಟ್ಟರು. ಬೂದಿ ನನಗೆ ಹೊಸದಲ್ಲ; ಪಾತ್ರೆ ತಿಕ್ಕಿ ಬೆಳೆದ ಕೈ. ಹಿಡಿಹಿಡಿಯಾಗಿ ಎರಚುತ್ತ ಒಂದೊಂದೇ ಮೆಟ್ಟಿಲು ಇಳಿದೆ. ಕಟ್ಟೆಯ ಮೇಲೆ ತಾವರೆ ನೀರಿನ ಜೊತೆಗೇ ಹೆಪ್ಪುಗಟ್ಟಿ, ಕಟ್ಟು ಹಾಕಿಸಿದ ಚಿತ್ರದ ಹಾಗೆ, ಒಂದು ಗೆರೆಯೂ ಅಳಿಯದೆ ಉಳಿದಿತ್ತು. ಅದರ ಮೇಲೂ ಬೂದಿ ಹಾಕಲು ಹೋದಾಗ ಅಜ್ಜಿ ಬೆರಳೆತ್ತಿ ತಡೆದರು. ಸುತ್ತ ಹಾಕು ಎಂದು ಸನ್ನೆ ಮಾಡಿದರು. ಆಮೇಲೆ ಏನೋ ಕೇಳಿದರು.

“ಇದನ್ನ ಯಾತಕ್ಕ ಬರದಿ ಅಂತ ಕೇಳ್ಲಿಕ್ಹತ್ತಾರ,” ಎಂದರು ನಮ್ಮವರು.

“ಮನೀಗೆ ಬರೋರನ್ನ ಬರ್ರಿ ಅಂತ ಕರೀಲಿಕ್ಕೆ ಅಂತ ಹೇಳ್ರಿ.”

ಅವರು ಹೇಳಿದರು. ಅಜ್ಜಿ ಮುಖದ ಗೆರೆ ಕದಲಿಸದೆ ಉದ್ದಕ್ಕೆ ಏನೋ ಅಂದರು. ನಮ್ಮವರಿಗೆ ನಗು ತಡೆಯಲಾಗಲಿಲ್ಲ.

“ಏನಂದ್ರು?”

“ಬರೋರು ಬಿದ್ದೇ ಬರಬೇಕಂತ ನಿಮ್ಮ ಕಡೆ ನಿಯಮ ಅದ ಏನು ಅಂತ.”

ಅಜ್ಜಿ ಒಳಗಿಟ್ಟಿದ್ದ ಹಾರ, ದೀಪ ತಂದು, ದೀಪವನ್ನು ನನ್ನ ಕೈಗೆ ಕೊಟ್ಟು, ತಮ್ಮ ಕೈಯನ್ನು ನನ್ನ ತೋಳಿಗೆ ಹಾಕಿದರು. ಬೂದಿಯ ಮೇಲೆ ಕಾಲಿಡುತ್ತ ಇಬ್ಬರೂ ಇಳಿದೆವು. ಸ್ಮಶಾನದವರೆಗೆ ನಾನೇ ಕರೆದುಕೊಂಡು ಹೋದೆ. ಅಥವಾ ದಾರಿ ಗೊತ್ತಿದ್ದ ಅವರೇ ನನ್ನನ್ನು ಕರೆದುಕೊಂಡು ಹೋದರು. ಮಾತಿಗೆ ಭಾಷೆ ಇರಲಿಲ್ಲ. ಸಮಾಧಿಯ ಕಲ್ಲಿನ ಮೇಲಿನ ಹಿಮವನ್ನು ಅವರು ಕೈಗವಸಿನಿಂದ ಒರೆಸಿದರು, ನಾನು ಇನ್ನೊಂದು ಬದಿಯಿಂದ ಒರೆಸಿದೆ. ದೀಪ ಹಚ್ಚಿದಾಗ ಹಿಮದ ಮೇಲೆ ಕೆಂಪು ಬೆಳಕು ಹರಡಿತು. ನಾನು ಅಭ್ಯಾಸದಂತೆ ಕೈ ಜೋಡಿಸಿದೆ. ಮರಳುವಾಗ ಸ್ಮಶಾನದ ಬಾಗಿಲ ಬಳಿ ಗಿಡಗಳಿಗೆ ನೀರುಣಿಸುವ ಪಾತ್ರೆಗಳನ್ನು ಚಳಿಗಾಲಕ್ಕೆಂದು ಬೋರಲು ಹಾಕಿ ಇಟ್ಟಿದ್ದರು. ಅಜ್ಜಿ ಅವನ್ನು ತೋರಿಸಿ ನನ್ನೆಡೆಗೆ ಬೆರಳು ಅಲ್ಲಾಡಿಸಿದರು. ಅವರು ನಕ್ಕದ್ದನ್ನು ನಾನು ಮೊದಲ ಬಾರಿ ನೋಡಿದ್ದು ಆಗ.

ಆದರೂ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ. ಲೋಪ ನಡೆದಾಗ ಲಿಖಿತ ವಿವರಣೆ ಕೊಡಬೇಕು. ಮಧ್ಯಾಹ್ನವೇ ಕೂತು ಕರಡು ಬರೆದೆ: ನೀರು ಹಾಕಿದ್ದು ನಾನೇ, ಉದ್ದೇಶ ಸ್ವಚ್ಛತೆ, ಜಲ್ಲಿಪುಡಿ ಮುಗಿದದ್ದನ್ನು ತಿಳಿಸದಿದ್ದುದು ನನ್ನ ಕರ್ತವ್ಯಲೋಪ, ಇದರಲ್ಲಿ ಯಜಮಾನರ ತಪ್ಪೇನೂ ಇಲ್ಲ, ಅವರು ಬಿದ್ದದ್ದು ಬಿಟ್ಟರೆ.

“ಇದೇನ ಡಿ.ಸಿ. ಆಫೀಸಿಗೆ ಬರದಿ ಏನು?” ಎಂದು ಅವರು ತಲೆ ಚಚ್ಚಿಕೊಂಡರು. “ಕರ್ತವ್ಯಲೋಪಕ್ಕ ಜರ್ಮನ್‌ದಾಗ ಏನಂತಾರೋ ಯಾರಿಗೆ ಗೊತ್ತು!”

“ಡಿಕ್ಷನರಿ ನೋಡ್ರಿ.”

ನೋಡಿ ಬರೆದುಕೊಟ್ಟರು. ಒಂದು ಬಟ್ಟಲು ಹುಗ್ಗಿಯ ಜೊತೆ ಪತ್ರವನ್ನು ಒಯ್ದೆವು. ಅಜ್ಜಿ ಕನ್ನಡಕ ಹಾಕಿಕೊಂಡು ನಿಂತಲ್ಲೇ ಓದಿದರು. ಎರಡು ಬಾರಿ ಓದಿದರು. ನಂತರ ಪೆನ್ಸಿಲ್ ತೆಗೆದು ನಮ್ಮವರ ಜರ್ಮನ್‌ನಲ್ಲಿದ್ದ ತಪ್ಪುಗಳನ್ನು ತಿದ್ದಿ, ದಿನಾಂಕವನ್ನು ಮೇಲಿನ ಬಲ ಮೂಲೆಯಲ್ಲಿ ಬರೆದು, ಮಡಚಿ ಒಂದು ಕಡತದೊಳಗೆ ಸೇರಿಸಿದರು. ಮನೆಯ ವಿಷಯ ಎತ್ತಲಿಲ್ಲ.

“ನೀವಿಬ್ರೂ ಒಂದ ಆಫೀಸಿನವ್ರು,” ಎಂದು ನಮ್ಮವರು ಮೆಟ್ಟಿಲೇರುತ್ತ ಗೊಣಗಿದರು.

ಉಳಿದ ವಾರ ಹಿಮ ನಿಲ್ಲಲೇ ಇಲ್ಲ. ಅಜ್ಜಿ ನೆಲಮಾಳಿಗೆಯಿಂದ ಒಂದು ಹಳೆಯ ಮರದ ಜಾರುಬಂಡಿ ತೆಗೆದುಕೊಟ್ಟರು. ದ್ರಾಕ್ಷಿ ತೋಟದ ಇಳಿಜಾರಿನಲ್ಲಿ ನಾನು ನಮ್ಮವರ ಬೆನ್ನು ಹಿಡಿದು ಕಿರುಚುತ್ತ ಜಾರಿದೆ. ಪ್ರತಿ ಬೆಳಿಗ್ಗೆ ಕಟ್ಟೆಯ ಮೇಲೆ ಹೊಸ ಹಿಮ ಬೀಳುತ್ತಿತ್ತು. ಗುಡಿಸಿದರೆ ಕೆಳಗೆ ತಾವರೆ ಹಾಗೆಯೇ ಇರುತ್ತಿತ್ತು. ಎಷ್ಟು ಸಂತೋಷವಿತ್ತೋ ಅಷ್ಟೇ ಹೆದರಿಕೆಯೂ ಇತ್ತು. ಈ ಮನೆಯಲ್ಲಿ ಇನ್ನು ನಾಲ್ಕು ದಿನ, ಇನ್ನು ಮೂರು ದಿನ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮೂವತ್ತೊಂದರ ಮಧ್ಯಾಹ್ನ ಹೊರಗಿನಿಂದ ಬಂದಾಗ ಒಳಮೆಟ್ಟಿಲ ಬಳಿಯ ಗೋಡೆಯಲ್ಲಿ ಹೊಸ ಹಾಳೆ ಅಂಟಿತ್ತು. ಸ್ಕೇಲಿನಿಂದ ಗೆರೆ ಎಳೆದು, ಬರುವ ಇಡೀ ವರ್ಷದ ವಾರಗಳನ್ನು ಬರೆದ ಕೆರ್‌ವೋಖೆಯ ಪಾಳಿ ಪಟ್ಟಿ. ಜನವರಿಯಿಂದ ಡಿಸೆಂಬರ್ ತನಕ, ಮೂರು ವಾರಕ್ಕೊಮ್ಮೆ, ತಪ್ಪದೆ, ನಮ್ಮ ಮನೆತನದ ಹೆಸರು. ಪಟ್ಟಿಯ ಕೆಳಗೆ ನೀಲಿ ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದರು.

“ಏನದ್ರೀ ಅದು?”

“ಚಳಿಗಾಲದಾಗ ಮೆಟ್ಟಿಲಿಗೆ ನೀರು ಹಾಕಕೂಡದು,” ಎಂದು ಅವರು ಓದಿದರು. ಮುಖ ಇನ್ನೂ ಬಿಗಿದೇ ಇತ್ತು. “ಅಲ್ಲ, ಕರಾರಿಂದು ಏನು ಮಾಡ್ತಾರಂತ? ಹೋಗಿ ಕೇಳಲೇನು?”

“ಕೇಳೋದೇನದ್ರೀ? ಆರ್ಡರ್ ಗೋಡೀಗೆ ಅಂಟಿಸ್ಯಾರ. ಇಡೀ ವರ್ಷ ನಮಗ ಡ್ಯೂಟಿ ಹಾಕ್ಯಾರ.”

ಅವರು ಪಟ್ಟಿಯನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಬೆರಳಿಟ್ಟು ನೋಡಿದರು. ಡಿಸೆಂಬರಿನವರೆಗೂ ಬೆರಳು ಹೋಯಿತು. ಆಮೇಲೆ ಅಲ್ಲಿಯೇ ಮೆಟ್ಟಿಲ ಮೇಲೆ, ಈ ಸಲ ಜಾರದೆ, ಕೂತುಕೊಂಡರು.

ನಾನು ಮೇಲೆ ಹೋಗಿ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿದೆ. ಅದರಲ್ಲಿ ಇನ್ನೂ ತೆಗೆಯದೆ ಬಿಟ್ಟಿದ್ದ ಸೀರೆಗಳನ್ನು ಕಪಾಟಿನಲ್ಲಿ ಜೋಡಿಸಿ, ಖಾಲಿ ಪೆಟ್ಟಿಗೆಯನ್ನು ನೆಲಮಾಳಿಗೆಗೆ ಕೊಂಡೊಯ್ದು ಜಾರುಬಂಡಿಯ ಪಕ್ಕದಲ್ಲಿ ಇಟ್ಟೆ. ಮರಳಿ ಬರುವಾಗ ನಮ್ಮ ಬಾಗಿಲ ಹೊರಗೆ ತಗಡಿನ ಬಕೆಟ್ ಇತ್ತು, ತುಂಬ ಬೂದಿ. ಅದಕ್ಕೆ ಚೀಟಿ ಅಂಟಿಸಿರಲಿಲ್ಲ.