ಅವ್ವನ ಚಿತ್ರಕ್ಕೆ ಅಪ್ಪಣೆ

ನಮ್ಮ ಅವ್ವನ ಒಂದೂ ಫೋಟೊ ಮನೆಯಲ್ಲಿರಲಿಲ್ಲ. ಅವಳು ತೀರಿಕೊಂಡ ಮೇಲೆ ಮಾನಮಿ ಅಮಾಸೆಗೆ ಹಿರಿಯರಿಗೆ ಎಡೆ ಹಿಡಿಯುವಾಗ ಅಪ್ಪ ಅವಳ ಸೀರೆಯನ್ನೇ ಮಣೆಯ ಮೇಲೆ ಮಡಚಿಟ್ಟು ಕುಂಕುಮ ಹಚ್ಚುತ್ತಿದ್ದ. ಎಂಬತ್ತರ ದಶಕದಲ್ಲಿ ನಮ್ಮೂರು ಮಸ್ಕಿಯ ಬಂಡೆ ಶಾಸನ ನೋಡಲು ಬಂದ ಪರದೇಶದವನೊಬ್ಬ, ಮೇವಿನ ಹೊರೆ ಹೊತ್ತು ಬರುತ್ತಿದ್ದ ಅವಳನ್ನು ನಿಲ್ಲಿಸಿ ಫೋಟೊ ಹೊಡೆದುಕೊಂಡಿದ್ದನೆಂದು ಅಪ್ಪ ಹೇಳುತ್ತಲೇ ಇದ್ದ. ನಾನು ನಂಬಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಸಿಂಧನೂರಿನ ಒಂದು ಕಂಪ್ಯೂಟರ್ ಅಂಗಡಿಗೆ ಇಂಟರ್‌ನೆಟ್ ಬಂತು. ಅಲ್ಲಿ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದ ನಾನು ಒಂದು ದಿನ ಸುಮ್ಮನೆ ನಮ್ಮೂರ ಹೆಸರು ಹುಡುಕಿದೆ. ಚಿತ್ರವೊಂದು ಮೇಲಿನಿಂದ ಗೆರೆಗೆರೆಯಾಗಿ ಇಳಿಯಿತು. ಬಂಡೆ, ಮೇವಿನ ಹೊರೆ, ಹೊರೆಯ ಕೆಳಗೆ ನಮ್ಮ ಅವ್ವ. 'ಸ್ಥಳೀಯ ಹೆಂಗಸು' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಉಳಿಸಿಕೊಳ್ಳಲು ಮೌಸ್ ಒತ್ತಿದರೆ ಪುಟವೇ ಗದರಿಸಿತು: ಇದನ್ನು ನಕಲು ಮಾಡುವುದು, ಇಟ್ಟುಕೊಳ್ಳುವುದು, ಮುದ್ರಿಸುವುದು ಅಪರಾಧ.

ಪ್ರಿಂಟ್ ಆದರೂ ತೆಗೆದುಕೊಡಿ ಎಂದು ಅಂಗಡಿಯವನನ್ನು ಗೋಗರೆದೆ. ಹಿಂದೆ ಹಾಡಿನ ಕ್ಯಾಸೆಟ್ಟು ನಕಲು ಮಾಡಿ ಪೊಲೀಸ್ ಠಾಣೆ ಕಂಡು ಬಂದವನು ಅವನು. ಪ್ರಿಂಟರಿನ ವೈರನ್ನೇ ಕಿತ್ತಿಟ್ಟ. ದೇವರು ಕೊಟ್ಟರೂ ಪೂಜಾರಿ ಕೊಡ ಅಂದರೆ ಇದೇ.

ಮರುದಿನ ಅಪ್ಪನನ್ನೇ ಬಸ್ಸು ಹತ್ತಿಸಿಕೊಂಡು ಬಂದೆ. ಇಂಟರ್‌ನೆಟ್ಟು ಬರಬೇಕಾದ ಫೋನಿನ ಲೈನು ಸಿಗದು, ಸಿಕ್ಕರೆ ನಿಲ್ಲದು. ತೆರೆಯ ಮೇಲೆ ಅರ್ಧ ಹೊರೆ ಬಂದು ಲೈನು ಕಡಿದುಹೋದಾಗ ಅಪ್ಪನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಕೊನೆಗೊಮ್ಮೆ ಅವ್ವ ಪೂರ್ತಿ ಬಂದಳು. ಅಪ್ಪ ಜೇಬಿನಿಂದ ವಿಭೂತಿ ಗಟ್ಟಿ ತೆಗೆದವನೇ, ಯಾರೂ ತಡೆಯುವ ಮೊದಲೇ ಗಾಜಿನ ಮೇಲೆ ಅವಳ ಹಣೆಗೆ ಬಳಿದುಬಿಟ್ಟ. ಅಂಗಡಿಯವನು ಬಟ್ಟೆ ಹಿಡಿದು ಓಡಿ ಬಂದ.

ಇದನ್ನು ಮನೆಗೆ ಒಯ್ಯೋಣವೆಂದ ಅಪ್ಪ. ಒಯ್ಯಲು ಫೋಟೊದವನ ಅಪ್ಪಣೆ ಬೇಕೆಂದೆ.

"ಅಕೀನ ನಿಲ್ಸಿ ಫೋಟೊ ಹೊಡಿಯಾಗ ಅವ ಯಾರ ಅಪ್ಪಣಿ ಕೇಳಿದ್ನಬೇ?"

ಅಂಗಡಿಯವನು ಗಾಜು ಒರೆಸುತ್ತಲೇ ಇದ್ದ. ಪ್ರಿಂಟರಿನ ವೈರನ್ನು ಮಾತ್ರ ಜೋಡಿಸಲಿಲ್ಲ. ಅಷ್ಟರಲ್ಲಿ ಲೈನು ಮತ್ತೆ ಕಡಿಯಿತು.

ಅಪ್ಪಣೆ ಬೇಡಿ ಆ ಪುಟದವರಿಗೆ ಅಂದೇ ಇ-ಮೇಲ್ ಮಾಡಿದೆ. ಉತ್ತರ ಬರಲಿಲ್ಲ. ಅಮಾಸೆ ಹತ್ತಿರ ಬಂದಾಗ ಹೋಗಿ ನೋಡಿದರೆ ಪುಟವೇ ಇರಲಿಲ್ಲ. ಎಷ್ಟು ಸಲ ಒತ್ತಿದರೂ, ಏನೂ ಸಿಗಲಿಲ್ಲವೆಂದೇ ತೋರಿಸಿತು. ಊರಿಗೆ ಬಂದು ಅಪ್ಪನಿಗೆ ಹೇಳಲು ಹೊತ್ತು ಹಿಡಿಯಿತು. ಅವನು ಬಯ್ಯುತ್ತಾನೆಂದುಕೊಂಡಿದ್ದೆ.

"ಆ ಫೋಟೊದವ ತಾನೂ ಇಟ್ಗೊಳ್ಳಲಿಲ್ಲ," ಅಂದ. "ನಮಗೂ ಬಿಡಲಿಲ್ಲ."